ಹನಿ ಎಣಿಸಿದ ಸಿಸ್ಟರ್‌ಗಳಿಗೆ

ಅಪ್ಪ ನಿನ್ನೆ ಮನೆಗೆ ಬಂದರು. ಡೆಂಗಿ ಆಗಿ ಏಳು ದಿನ ಆಸ್ಪತ್ರೆಯಲ್ಲಿದ್ದರು. ಫೋನ್ ಮಾಡಿ ವಿಚಾರಿಸಿದವರು, ಬುತ್ತಿ ತಂದುಕೊಟ್ಟವರು, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆದರೆ ಇದನ್ನು ಬರೆಯುತ್ತಿರುವುದು ಆ ವಾರ್ಡಿನ ಸಿಸ್ಟರ್‌ಗಳಿಗಾಗಿ.

ಅಪ್ಪನಿಗೆ 67 ವರ್ಷ, ನರ ಸಿಗುವುದೇ ಕಷ್ಟ. ಮೊದಲ ದಿನ ಬಂದ ಸಿಸ್ಟರ್ ಸೂಜಿ ತೆಗೆಯುವ ಮೊದಲೇ "ಯಜಮಾನ್ರೇ, ಊಟ ಮಾಡೋದು ಬಲಗೈಲಿ ಅಲ್ವಾ?" ಅಂತ ಕೇಳಿ, ಎಡಗೈಗೆ ಪಟ್ಟಿ ಕಟ್ಟಿ, ಕಣ್ಣಿಗೆ ಕಾಣದ ನರವನ್ನು ಬೆರಳಿನಲ್ಲೇ ಒತ್ತಿ ಒತ್ತಿ ಹುಡುಕಿದರು. ನೀಲಿ ಬಣ್ಣದ ಕ್ಯಾನುಲಾ (ಡ್ರಿಪ್ ಕೊಡಲು ನರದೊಳಗೆ ಇಡುವ ಸಣ್ಣ ಕೊಳವೆ), ಒಂದೇ ಸಲಕ್ಕೆ ಹೋಯಿತು. ಪ್ಲಾಸ್ಟರ್ ಮೇಲೆ ತಾರೀಖು ಬರೆದರು. ಆಮೇಲೆ ಪ್ರತಿ ಶಿಫ್ಟಿನವರೂ ಬಂದು ಆ ಜಾಗ ಊದಿದೆಯಾ, ಕೆಂಪಾಗಿದೆಯಾ ಅಂತ ಮುಟ್ಟಿ ನೋಡುತ್ತಿದ್ದರು.

ನಾವೆಲ್ಲ 'ಗ್ಲೂಕೋಸ್ ಹಾಕಿದ್ದಾರೆ' ಅಂತೀವಿ. ಅಪ್ಪನಿಗೆ ಹೋಗುತ್ತಿದ್ದದ್ದು ಸಲೈನ್, ಲೀಟರಿಗೆ 9 ಗ್ರಾಂ ಉಪ್ಪಿರುವ ನೀರು. ಮೂರನೇ ದಿನ ಜ್ವರ ಇಳಿಯಿತು. ನಮಗೆ ಖುಷಿಯೋ ಖುಷಿ. ಸಿಸ್ಟರ್ ಮಾತ್ರ ಇನ್ನೂ ಹೆಚ್ಚು ಸಲ ಬರತೊಡಗಿದರು. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲಿನ 24ರಿಂದ 48 ಗಂಟೆಯೇ ಅಪಾಯದ ಹೊತ್ತಂತೆ. ರಕ್ತನಾಳದಿಂದ ನೀರು ಸೋರಿ ಹೊರಗೆ ಹೋಗುತ್ತದೆ, ರಕ್ತ ಮಂದವಾಗುತ್ತದೆ, ಬಿಪಿ ಕುಸಿಯಬಹುದು. ನಾವು ಪ್ಲೇಟ್‌ಲೆಟ್ ಎಷ್ಟು, ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಿದ್ದರೆ ಅವರು ನೋಡುತ್ತಿದ್ದದ್ದು ಪಿಸಿವಿ (ರಕ್ತ ಎಷ್ಟು ಮಂದವಾಗಿದೆ ಅಂತ ತೋರಿಸುವ ಲೆಕ್ಕ), ನಾಡಿ, ಬಿಪಿ, ಮತ್ತೆ ಮೂತ್ರ ಎಷ್ಟು ಹೋಗಿದೆ ಅನ್ನುವುದನ್ನು.

ಅವತ್ತು ನಾನೇ ಹೋಗಿ "ಸಿಸ್ಟರ್, ತುಂಬಾ ಸುಸ್ತಾಗಿದ್ದಾರೆ, ಡ್ರಿಪ್ ಸ್ವಲ್ಪ ಜೋರು ಮಾಡಿ" ಅಂದೆ. ಅವರು ಬೈಯಲಿಲ್ಲ. ವಾಚ್ ಹಿಡಿದು ನನ್ನ ಮುಂದೆಯೇ ಹನಿ ಎಣಿಸಿದರು. 15 ಸೆಕೆಂಡಿಗೆ 10 ಹನಿ, ನಿಮಿಷಕ್ಕೆ 40. ಈ ಪೈಪಿನಲ್ಲಿ 20 ಹನಿ ಅಂದರೆ ಒಂದು ಎಂಎಲ್, ಹಾಗಾಗಿ ಗಂಟೆಗೆ 120 ಎಂಎಲ್, ಡಾಕ್ಟರ್ ಬರೆದಿರುವುದೂ ಅಷ್ಟೇ ಅಂತ ತೋರಿಸಿದರು. "ಕಮ್ಮಿ ಆದ್ರೆ ಬಿಪಿ ಬೀಳುತ್ತೆ, ಜಾಸ್ತಿ ಆದ್ರೆ ನೀರು ಎದೇಲಿ ನಿಲ್ಲುತ್ತೆ, ದಯವಿಟ್ಟು ಪೈಪಿನಲ್ಲಿ ಹನಿ ಹೆಚ್ಚು ಕಮ್ಮಿ ಮಾಡೋ ಆ ಚಕ್ರ ಮಾತ್ರ ನೀವು ಮುಟ್ಟಬೇಡಿ."

ಎದೆಯಲ್ಲಿ ನೀರು ಅಂದರೇನು ಅಂತ ಐದನೇ ರಾತ್ರಿ ಗೊತ್ತಾಯಿತು. ಎರಡೂವರೆ ಗಂಟೆ, ನನಗೆ ಮಂಪರು. ಬಾಟಲಿ ನೋಡಲು ಬಂದ ಸಿಸ್ಟರ್ ಅಪ್ಪನ ಹೊಟ್ಟೆ ಮೇಲೆ ಕೈಯಿಟ್ಟು ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದರು. ಜಾಸ್ತಿ ಇತ್ತು. ಹನಿ ತೀರಾ ಕಮ್ಮಿ ಮಾಡಿ, ಮಂಚದ ತಲೆಭಾಗ ಎತ್ತಿ, ಆಕ್ಸಿಜನ್ ಹಾಕಿ, ಡ್ಯೂಟಿ ಡಾಕ್ಟರನ್ನು ಕರೆದರು. ಸೋರಿದ್ದ ನೀರು ವಾಪಸ್ ರಕ್ತಕ್ಕೆ ಬರುವ ಹೊತ್ತು ಅದು, ಮೇಲಿಂದ ಇನ್ನಷ್ಟು ಹಾಕುತ್ತಾ ಹೋದರೆ ಕಷ್ಟ. ಡಾಕ್ಟರ್ ಬಂದು ನೋಡಿ ಡ್ರಿಪ್ ನಿಲ್ಲಿಸಿದರು. ಬೆಳಗಿನ ಎಕ್ಸ್‌ರೇಯಲ್ಲಿ ಬಲಗಡೆ ನೀರು ಕಾಣಿಸಿತು. ಎರಡು ದಿನದಲ್ಲಿ ಉಸಿರಾಟ ಸರಿಹೋಯಿತು.

ಆ ರಾತ್ರಿ ವಾರ್ಡಿನಲ್ಲಿ ಇದ್ದದ್ದು ಇಬ್ಬರೇ ಸಿಸ್ಟರ್, ಎಲ್ಲ ಮಂಚವೂ ಭರ್ತಿ. ಅಷ್ಟು ಜನರ ನಡುವೆ ನಮ್ಮಪ್ಪನ ಉಸಿರು ಬದಲಾಗಿದ್ದು ಅವರ ಕಣ್ಣಿಗೆ ಬಿತ್ತು, ಪಕ್ಕದಲ್ಲೇ ಕೂತಿದ್ದ ನನಗೆ ಗೊತ್ತಾಗಲಿಲ್ಲ.

ಸಿಸ್ಟರ್, ಅಪ್ಪ ಇವತ್ತು ಎರಡು ಇಡ್ಲಿ ತಿಂದರು. ನಿಮ್ಮನ್ನು ಬಾಯ್ತುಂಬ ನೆನೆಯುತ್ತಿದ್ದಾರೆ. ಸೋಮವಾರ ಚೆಕಪ್‌ಗೆ ಬಂದಾಗ ವಾರ್ಡ್ ಕಡೆ ಬರುತ್ತೇವೆ, ನಿಮ್ಮದು ನೈಟ್ ಡ್ಯೂಟಿ ಆಗಿದ್ದರೆ ಸಂಜೆವರೆಗೂ ಕಾಯುತ್ತೇವೆ.