ಮಕ್ಕಳ ವಾರ್ಡಿಗೆ ಪಾಳಿಗೊಬ್ಬರನ್ನು ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಮೇಲೋ ಡಾಕ್ಟರ ಮೇಲೋ ಕೈ ಬಿದ್ದಾಗಲೆಲ್ಲ ತಾವು ಖಂಡಿಸುತ್ತೀರಿ, ಬಾಗಿಲಿಗೆ ಇನ್ನಿಬ್ಬರು ಸೆಕ್ಯುರಿಟಿಯವರು ಬರುತ್ತಾರೆ, ಸ್ವಲ್ಪ ದಿನಕ್ಕೆ ಮತ್ತದೇ ಹೊಡೆದಾಟ. ಖಂಡನೆ ಕೇಳಿ ಕೇಳಿ ಸಾಕಾಗಿದೆ. ಬೇಕಿರುವುದು ಒಂದೇ: ತುರ್ತು ವಿಭಾಗಕ್ಕೂ ಐಸಿಯುಗೂ, ಹೆತ್ತವರ ಜೊತೆ ಮಾತಾಡುವುದಷ್ಟೇ ಕೆಲಸವಾಗಿರುವ, ತರಬೇತಾದ ಒಬ್ಬರು. ಪ್ರತಿ ಪಾಳಿಗೂ.

ಜಗಳ ಹುಟ್ಟುವ ಜಾಗಗಳು ತಮಗೆ ಗೊತ್ತಿಲ್ಲದ್ದಲ್ಲ. ವಾಂತಿಭೇದಿಯಿಂದ ನೀರಿನಂಶ ಕಳೆದುಕೊಂಡ ಮಗುವಿನ ರಕ್ತನಾಳ ಕುಗ್ಗಿರುತ್ತದೆ. ಡ್ರಿಪ್ ಸೂಜಿ ಮೂರನೇ ಸಲ ಚುಚ್ಚುವಷ್ಟರಲ್ಲಿ ಅಪ್ಪನ ಸಹನೆ ಮುಗಿದಿರುತ್ತದೆ. ನಾಳ ಸಿಗದೇ ಹೋದರೆ ಮೊಣಕಾಲ ಕೆಳಗಿನ ಮೂಳೆಗೇ ಸೂಜಿ ಹಾಕಬೇಕು; ಮೊದಲೇ ತಿಳಿಸದಿದ್ದರೆ ನೋಡುವವರಿಗೆ ಅದು ಕ್ರೌರ್ಯ. ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ 6 ಗಂಟೆ ಗಟ್ಟಿ ಆಹಾರವಿಲ್ಲ, 4 ಗಂಟೆ ಎದೆಹಾಲಿಲ್ಲ. ಸರದಿ ಮುಂದೆ ಹೋದಾಗ ಹಸಿದ ಕೂಸು ಅಳುತ್ತಿರುತ್ತದೆ, ತಡವೇಕೆಂದು ಹೇಳಲು ಯಾರಿಗೂ ಬಿಡುವಿರುವುದಿಲ್ಲ.

ಅರಿವಳಿಕೆಯಿಂದ ಏಳುತ್ತಾ ಮಗುವೇ ಒದ್ದರೆ, ಕಚ್ಚಿದರೆ ಅದು ಬೇರೆ ಮಾತು. ಅದಕ್ಕೆ ಮಂದ ಬೆಳಕು, ಸದ್ದಿಲ್ಲದ ಕೋಣೆ, ಅಮ್ಮನ ದನಿ ಬೇಕು; ಸೆಕ್ಯುರಿಟಿಯವರಲ್ಲ.

ಎಲ್ಲಕ್ಕಿಂತ ಭೀಕರವಾದದ್ದು ಇದು. ಹೃದಯ ನಿಂತ ಮಗುವಿಗೆ ಇಬ್ಬರು ಸೇರಿ 15 ಸಲ ಎದೆ ಒತ್ತಿ 2 ಸಲ ಉಸಿರು ಕೊಡುತ್ತಿರುತ್ತಾರೆ. ಒತ್ತುವ ಕೈ 10 ಸೆಕೆಂಡಿಗಿಂತ ಹೆಚ್ಚು ನಿಲ್ಲಕೂಡದು. ಅದೇ ಗಳಿಗೆಯಲ್ಲಿ ಯಾರೋ ಬಂದು ಡಾಕ್ಟರ ಕಾಲರ್ ಹಿಡಿಯುತ್ತಾರೆ. ಯಾವ ಮಗುವಿಗಾಗಿ ಆ ಸಿಟ್ಟೋ ಅದೇ ಮಗುವಿನ ಸೆಕೆಂಡುಗಳು ಹೋಗುತ್ತಿರುತ್ತವೆ, ಸ್ವಾಮಿ! ಪಕ್ಕದ ಹಾಸಿಗೆಯ ಮಗುವಿನ ತೂಕ ನೋಡಿ ಡೋಸ್ ಲೆಕ್ಕ ಹಾಕುತ್ತಿದ್ದ ನರ್ಸ್ ಸಿರಿಂಜ್ ಬಿಟ್ಟು ಓಡಿಬರುತ್ತಾರೆ. ವಾಪಸ್ ಹೋಗಿ ನಡುಗುವ ಕೈಯಲ್ಲಿ ಬರೆಯುವಾಗ ದಶಾಂಶದ ಚುಕ್ಕೆ ಒಂದು ಸ್ಥಾನ ಜರುಗಿದರೂ ಔಷಧ ಹತ್ತು ಪಟ್ಟು.

ಹೆತ್ತವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರೆ ಅನುಮಾನ ಹೆಚ್ಚುತ್ತದೆ. ಅವರು ಒಳಗೇ ಇರಲಿ. ಆದರೆ ಪಕ್ಕದಲ್ಲಿ ಒಬ್ಬರು ನಿಂತು, ಈಗ ಏನು ಮಾಡುತ್ತಿದ್ದಾರೆ, ಯಾಕೆ ಎಂದು ಹೇಳುತ್ತಿರಬೇಕು. ಮಗು ಉಳಿಯದಿದ್ದರೆ ಆ ಮಾತನ್ನು ಕಾರಿಡಾರಿನಲ್ಲಿ ಹೇಳಕೂಡದು. ಕೂರಿಸಿ, ಸುತ್ತಿ ಬಳಸದೆ ‘ಮಗು ತೀರಿಕೊಂಡಿದೆ’ ಎಂದೇ ಹೇಳಿ, ಬಯಸಿದರೆ ಮಡಿಲಿಗೆ ಕೊಟ್ಟು, ಜೊತೆಗೆ ಕೂತಿರಬೇಕು. ಎದೆ ಒತ್ತುತ್ತಿರುವ ಕೈಗೆ ಇದನ್ನೂ ಮಾಡು ಎಂದರೆ ಹೇಗೆ ಮಾಡೀತು?

ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಸೇರಿ ಆಸ್ಪತ್ರೆ ಹಿಂಸೆ ತಡೆಯಲು ಮಾರ್ಗಸೂಚಿ ಕೊಟ್ಟದ್ದು 2002ರಲ್ಲಿ. ಇನ್ನೆಷ್ಟು ವರ್ಷ ಕಾಯಬೇಕು? ಸೆಕ್ಯುರಿಟಿಯೂ ಇರಲಿ, ಅಲಾರಂ ಗುಂಡಿಯೂ ಇರಲಿ. ಮೊದಲು ಪಾಳಿಗೊಬ್ಬರನ್ನು ಕೊಡಿ. ರಾತ್ರಿ ಪಾಳಿಗೂ ಕೊಡಿ, ರಜೆಯ ದಿನಕ್ಕೂ ಕೊಡಿ.

ಇಂತಿ,
ಮಕ್ಕಳ ತುರ್ತು ವಿಭಾಗದ ಸಿಬ್ಬಂದಿ