ಅಡ್ವಾನ್ಸ್ ದುಡ್ಡು ನಿನ್ನದಲ್ಲ, ಪುಟ್ಟ

ಶ್ರೀನಗರ, ಬೆಂಗಳೂರು

ಚಿ. ಪುಟ್ಟನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದ. ನಾವಿಲ್ಲಿ ಕ್ಷೇಮ.

ಕೆಂಗೇರಿ ಮನೆಯ ಮಹಡಿಗೆ ಇನ್ನೂ ಬಣ್ಣವೇ ಆಗಿಲ್ಲ, ಆಗಲೇ ಯಾರೋ 12 ಲಕ್ಷಕ್ಕೆ ಭೋಗ್ಯಕ್ಕೆ ಕೇಳಿದ್ದಾರೆ, ಮೂರು ವರ್ಷ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಅಷ್ಟನ್ನೂ ವಾಪಸ್ ಕೊಟ್ಟರಾಯಿತು, ಬಂದದ್ದನ್ನು ಬ್ಯಾಂಕಿನ ಸಾಲಕ್ಕೆ ಕಟ್ಟಿಬಿಡುತ್ತೇನೆ ಅಂದೆಯಲ್ಲ. ಫೋನಿನಲ್ಲಿ ಬೈದರೆ ಕಟ್ ಮಾಡುತ್ತೀಯ. ಅದಕ್ಕೇ ಈ ಕಾಗದ.

ಮೊದಲು ಲೆಕ್ಕ ಹಾಕು. ಸಾಲದ ಬಡ್ಡಿ ನೂರಕ್ಕೆ ಎಂಟೂವರೆ ಅಂದುಕೊಂಡರೆ 12 ಲಕ್ಷಕ್ಕೆ ತಿಂಗಳಿಗೆ ಉಳಿಯುವುದು 8,500 ರೂಪಾಯಿ. ಅದೇ ಮನೆಗೆ 14,000 ಬಾಡಿಗೆ ಬರುತ್ತದೆ ಅಂತ ನೀನೇ ಹೇಳಿದ್ದು. ಅದೂ ಹೋಗಲಿ. ಮೂರು ವರ್ಷ ಆದ ಮೇಲೆ ಆ 12 ಲಕ್ಷ ಎಲ್ಲಿಂದ ತರುತ್ತೀಯ? ಇನ್ನೊಬ್ಬರಿಗೆ ಭೋಗ್ಯಕ್ಕೆ ಹಾಕಿ ಇವರಿಗೆ ಕೊಟ್ಟರಾಯಿತು, ಅಲ್ವಾ? ನಿನ್ನ ದೊಡ್ಡಪ್ಪನೂ ಹಾಗೇ ಅಂದುಕೊಂಡಿದ್ದರು. ಕೆಳಗಿನ ಮನೆ ಭೋಗ್ಯಕ್ಕೆ ಹಾಕಿ, ಆ ದುಡ್ಡಿನಲ್ಲಿ ಮೇಲಿನದನ್ನು ಎಬ್ಬಿಸಿದರು. ಅವಧಿ ಮುಗಿಯಿತು, ಹೊಸಬರು ಯಾರೂ ಬರಲಿಲ್ಲ. ಇದ್ದವರು ಮಗಳ ಮದುವೆ ಇಟ್ಟುಕೊಂಡಿದ್ದರು, ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನ ನಾಲ್ಕು ಬಳೆ, ಅವಲಕ್ಕಿ ಸರ ಅಡವಿಟ್ಟು ಕೊಟ್ಟೆವು. ಬಳೆ ಬಿಡಿಸಿಕೊಂಡೆವು. ಸರ ಬರಲಿಲ್ಲ.

ಅಲ್ಲದೆ ಅದು ಬ್ಯಾಂಕಿಗೆ ಅಡವಾದ ಮನೆ. ಭೋಗ್ಯಕ್ಕೆ ಕೊಡಬಹುದೋ ಇಲ್ಲವೋ, ಸಾಲದ ಪತ್ರ ಓದಿ ನೋಡು.

ಬಾಡಿಗೆಗೇ ಕೊಡು. ಆಗಲೂ ಅಡ್ವಾನ್ಸ್ ಬರುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವುದು ಹಳೇ ರೂಢಿ. 2021ರಲ್ಲಿ ಕೇಂದ್ರದವರು ಮಾಡಿದ ಮಾದರಿ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳು ಸಾಕು ಅಂತಿದೆ. ನಾನು ಈಗ ಐದು ತಿಂಗಳದ್ದು ತಗೊಳ್ಳುತ್ತೇನೆ. ಎಷ್ಟೇ ತಗೋ, ಅದು ನಿನ್ನ ಕೈಯಲ್ಲಿರುವ ಬಾಡಿಗೆಯವರ ದುಡ್ಡು. ಬೇರೆ ಎಫ್‌ಡಿ ಮಾಡಿಡು, ಟೈಲ್ಸಿಗೂ ಗ್ರಿಲ್ಲಿಗೂ ಮುಟ್ಟಬೇಡ. ಬೀಗದ ಕೈ ಕೊಟ್ಟ ದಿನವೇ ಅಡ್ವಾನ್ಸ್ ವಾಪಸ್ ಕೊಡುವ ಓನರ್ ಅಂತ ಒಂದು ಸಲ ಹೆಸರು ಬಂದರೆ ಬ್ರೋಕರ್ ಬೇಕಾಗುವುದಿಲ್ಲ. ನನಗೆ ಕಳೆದ ಮೂರು ಬಾಡಿಗೆದಾರರನ್ನೂ ಹಿಂದೆ ಇದ್ದವರೇ ಕಳಿಸಿದರು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದಾದರೆ ಮೊದಲೇ ಬರೆ. ಅವರು ಸಾಮಾನು ಇಳಿಸುವ ಮೊದಲು ಗೋಡೆ, ಸಿಂಕು, ನಲ್ಲಿ ಎಲ್ಲದರ ಫೋಟೊ ತೆಗೆದು ಅವರಿಗೂ ವಾಟ್ಸಾಪ್ ಮಾಡು.

ಅಗ್ರಿಮೆಂಟ್ 11 ತಿಂಗಳಿಗೆ ಯಾಕೆ ಮಾಡುತ್ತಾರೆ ಅಂತ ನೀನು ಕೇಳಿದ್ದೆಯಲ್ಲ. ಒಂದು ವರ್ಷ ದಾಟಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಅಷ್ಟೇ. ಮುಗಿದಾಗಲೆಲ್ಲ ಹೊಸದು ಬರೆಸು, ಸೋಮಾರಿತನ ಬೇಡ.

ಎರಡು ಮನೆಗೂ ಬೇರೆ ಬೇರೆ ಮೀಟರ್ ಹಾಕಿಸು. ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ. ಒಂದೇ ಮೀಟರಿನಲ್ಲಿ ಇಬ್ಬರೂ ಉರಿಸಿ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು. ಆಮೇಲೆ ನಿಮ್ಮ ಗೀಸರ್, ನಮ್ಮ ಫ್ರಿಜ್ ಅಂತ ಶುರುವಾಗುತ್ತದೆ. ಮನೆ ಬಿಡುವಾಗ ಅವರ ಆಧಾರ್ ಅನ್ನು ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿನಿಂದ ಬಿಡಿಸಿದ್ದಾರಾ ನೋಡು.

ಆದರೆ ಜಗಳ ಜಾಸ್ತಿ ಆಗುವುದು ನೀರಿಗೆ. 2024ರ ಬೇಸಿಗೆ ನೆನಪಿದೆಯಲ್ಲ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ದಂಡ ಅಂದಿದ್ದರು. ನಮ್ಮ ಬೋರು ಮಾರ್ಚಿನಲ್ಲೇ ಕೈಕೊಟ್ಟಿತು. ಟ್ಯಾಂಕರ್ ದುಡ್ಡು ಯಾರದು ಅಂತ ಅಗ್ರಿಮೆಂಟಿನಲ್ಲಿ ಒಂದು ಸಾಲೂ ಇರಲಿಲ್ಲ. ಮೇಲಿನವರು ‘ಬಾಡಿಗೆಯಲ್ಲೇ ನೀರು ಸೇರಿದೆ’ ಅಂದರು, ಕೆಳಗಿನವರು ‘ನಾವಿರುವುದು ಇಬ್ಬರೇ’ ಅಂದರು. ನಾನು ಮೆಟ್ಟಿಲ ಮೇಲೆ ನಿಂತು ಪಂಚಾಯ್ತಿ ಮಾಡಿದೆ. ಕೊನೆಗೆ ತಲೆ ಲೆಕ್ಕದಲ್ಲಿ ಹಂಚಿ, ಒಂದು ಪಾಲು ನಾನೇ ಹಾಕಿದೆ. ಈಗ ಆ ಸಾಲು ಬರೆಸುತ್ತೇನೆ. ಮೋಟರ್ ಸ್ವಿಚ್ ಮಾತ್ರ ನಿನ್ನ ಕೈಯಲ್ಲೇ ಇರಲಿ.

ಯಾರಿಗೆ ಕೊಡಬೇಕು ಅಂತ ನಿನ್ನಮ್ಮ ಒಂದು ಪಟ್ಟಿ ಹೇಳುತ್ತಾಳೆ. ನಾನೂ ಒಂದು ಕಾಲದಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಟು-ಲೆಟ್ ಬೋರ್ಡಿನಲ್ಲಿ ಬರೆಸಿದ್ದೆ. ಮೂರು ತಿಂಗಳು ಮನೆ ಖಾಲಿ ಬಿತ್ತು. ವರ್ಷದ ಬಾಡಿಗೆಯಲ್ಲಿ ಕಾಲು ಭಾಗ ಹೋಯಿತು, ನನ್ನ ಮಡಿ ಉಳಿಯಿತು! ಆಮೇಲೆ ಬಂದ ಮೂವರು ನರ್ಸ್ ಹುಡುಗಿಯರು ಮೀನು ಹುರಿಯುತ್ತಿದ್ದರು, ಒಂದನೇ ತಾರೀಕು ತಪ್ಪದೆ ಬಾಡಿಗೆ ಹಾಕುತ್ತಿದ್ದರು. ಎಲ್ಲಿ ಕೆಲಸ, ಹಿಂದಿನ ಮನೆ ಯಾಕೆ ಬಿಟ್ಟರು, ಇಷ್ಟು ಕೇಳು. ಹಿಂದಿನ ಓನರಿಗೆ ಒಂದು ಫೋನ್ ಮಾಡು.

ತೆರಿಗೆ ವಿಷಯ ಆಡಿಟರ್ ಹೇಳುತ್ತಾರೆ. ಬಾಡಿಗೆಯಲ್ಲಿ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ನೂರಕ್ಕೆ 30 ರಿಪೇರಿ ಮಾಡಿಸಿದರೂ ಬಿಟ್ಟರೂ ಬಿಡುತ್ತಾರೆ. ಸಾಲದ ಬಡ್ಡಿಯೂ ಲೆಕ್ಕಕ್ಕೆ ಬರುತ್ತದೆ. ವರ್ಷದ ಬಾಡಿಗೆ ಲಕ್ಷ ದಾಟಿದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಗೆ (ಎಚ್‌ಆರ್‌ಎ) ಅಂತ ಬಾಡಿಗೆಯವರು ನಿನ್ನ ಪ್ಯಾನ್ ಕೇಳುತ್ತಾರೆ, ಮುಖ ಗಂಟು ಹಾಕದೆ ಕೊಡು. ಕಂದಾಯ ಏಪ್ರಿಲಿನಲ್ಲೇ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ.

ಭೋಗ್ಯದವರಿಗೆ ಇನ್ನೂ ಮಾತು ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೆ ನಾಳೆಯೇ ಹೋಗಿ ಆಗುವುದಿಲ್ಲ ಅಂತ ಹೇಳಿ ಬಾ, ಟೋಕನ್ ತಗೊಂಡಿದ್ದರೆ ಪೂರ್ತಿ ವಾಪಸ್ ಕೊಡು. ಭಾನುವಾರ ಸಾಲದ ಪತ್ರ ತಗೊಂಡು ಇಲ್ಲಿಗೆ ಬಾ. ಅಕ್ಕಿರೊಟ್ಟಿ ಮಾಡಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ