ನಮ್ಮ ಹುಡುಗರ ಪುಸ್ತಕ ಬಂತು, ಎಲ್ಲರಿಗೂ ಶರಣು

ಶಹಾಪುರದ ಸುತ್ತಲಿನ ಹಳ್ಳಿಗಳ ಹೈಸ್ಕೂಲು ಮಕ್ಕಳು ಬರೆದ ಕಿರುಗತೆಗಳ ಪುಸ್ತಕ ಮೊನ್ನೆ ಅಚ್ಚಾಗಿ ಕೈಗೆ ಬಂತು. ಯಾವ ಕಥೆಯೂ ನೂರು ಪದ ದಾಟಿಲ್ಲ, ಕೆಲವು ಮೂರೇ ಸಾಲಿಗೆ ಮುಗಿದಿವೆ. ಬರೆದವರಲ್ಲಿ ತಮ್ಮ ಮನೆತನದಲ್ಲೇ ಮೊದಲ ಸಲ ಹೈಸ್ಕೂಲಿನ ಮೆಟ್ಟಿಲು ಹತ್ತಿದವರು ಬಹಳ ಮಂದಿ. ಪುಸ್ತಕದಲ್ಲಿ ಕೃತಜ್ಞತೆಗೆಂದು ಒಂದು ಪುಟ ಇಟ್ಟಿದ್ದೆವು, ಅಚ್ಚಿಗೆ ಹೋಗುವ ಮುಂಚೆ ಆ ಪುಟಕ್ಕೂ ಒಂದು ಕಥೆ ಬಂದು ಕೂತಿತು. ಕಥೆಯೇ ಇರಲಿ ಎಂದೆವು. ಹಾಗಾಗಿ ಹೇಳಬೇಕಾದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲ ಶರಣು ಈ ಮಕ್ಕಳ ಅವ್ವ ಅಪ್ಪಂದಿರಿಗೆ. ಯಾದಗಿರಿ ಜಿಲ್ಲೆಯಿಂದ ಗುಳೆ ಹೋಗುವುದು ಹೊಸ ಸಂಗತಿಯಲ್ಲ. ಸುಗ್ಗಿ ಮುಗಿಯುತ್ತಲೇ ಬೆಂಗಳೂರು, ಪುಣೆ, ಮುಂಬೈ ಕಡೆ ಕಟ್ಟಡದ ಕೆಲಸಕ್ಕೆ ಗಂಡ ಹೆಂಡಿರು ಹೊರಡುತ್ತಾರೆ. ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ, ಬೀಗ ಬೀಳದ ಮನೆಗಳಲ್ಲಿ ಅಜ್ಜಿಯೂ ಮೊಮ್ಮಕ್ಕಳೂ ಉಳಿದಿರುತ್ತಾರೆ. ರಾತ್ರಿ ಅಲ್ಲಿಂದ ಫೋನು ಬರುತ್ತದೆ. ಉಂಡ್ರೇನು, ಸಾಲಿಗೆ ಹೋಗಿದ್ರೇನು, ಎಮ್ಮಿ ಈದಿತೇನು. ಕೆಲಸದಲ್ಲಿ ಬಿದ್ದು ಕಾಲು ಉಳುಕಿದ್ದನ್ನು ಅವ್ವ ಹೇಳುವುದಿಲ್ಲ, ಜ್ವರ ಬಂದು ಮಲಗಿದ್ದನ್ನು ಮಗಳು ಹೇಳುವುದಿಲ್ಲ. ದನಿಯಲ್ಲೇ ಇಬ್ಬರಿಗೂ ಗೊತ್ತಾಗಿರುತ್ತದೆ. ಮುಖ್ಯವಾದದ್ದನ್ನು ಬಾಯಿಬಿಟ್ಟು ಹೇಳದೆ ಕೇಳುವವರಿಗೆ ಮುಟ್ಟಿಸುವ ವಿದ್ಯೆ ನಮ್ಮ ಮಕ್ಕಳಿಗೆ ಬಂದದ್ದು ಈ ಫೋನುಗಳಿಂದ. ಕಿರುಗತೆಗೆ ಬೇಕಾದ ದೊಡ್ಡ ಬಂಡವಾಳವೇ ಅದು. ಅದನ್ನು ಕಾಗದಕ್ಕೆ ಇಳಿಸುವುದಷ್ಟೇ ನಾನು ಭಾನುವಾರದ ತರಗತಿಗಳಲ್ಲಿ ಕಲಿಸಿದ್ದು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೊದಲು ತಂದ ಕಥೆ ಎರಡು ಪುಟ ಇತ್ತು. ಬಡತನ ಎಂಬ ಶಬ್ದ ಮೇಲಿಂದ ಮೇಲೆ ಬರುತ್ತಿತ್ತು, ಕಣ್ಣೀರು ಧಾರಾಕಾರ ಹರಿದಿತ್ತು, ಕೊನೆಗೆ ‘ನೀತಿ: ತಾಯಿಯೇ ದೇವರು’ ಎಂದಿತ್ತು. ಆ ರಾತ್ರಿ ನಿನ್ನ ಕಣ್ಣಿಗೆ ಏನು ಬಿತ್ತು, ಕಿವಿಗೆ ಏನು ಬಿತ್ತು, ಅಷ್ಟನ್ನೇ ಬರಿ ಎಂದೆ. ವಾರ ಬಿಟ್ಟು ಇದನ್ನು ತಂದಳು. ಅವಳನ್ನು ಕೇಳಿಯೇ ಇಲ್ಲಿ ಇಡುತ್ತಿದ್ದೇನೆ:

‘ಬೆಂಗಳೂರಿಂದ ಅವ್ವ ಫೋನ್ ಹಚ್ಚಿದ್ಳು. ಉಂಡ್ರೇನು ಅಂದ್ಳು. ಉಂಡೀವಿ ಅಂದೆ. ಏನು ಮಾಡಿದ್ರಿ ಅಂದ್ಳು. ಖಾರಬ್ಯಾಳಿ, ರೊಟ್ಟಿ ಅಂದೆ. ಅಜ್ಜಿ ಬ್ಯಾಳಿ ಡಬ್ಬಿ ಸಪ್ಪಳ ಆಗದಂಗ ಮುಚ್ಚಿದ್ಳು.’

‘ಡಬ್ಬಿ’ ಎಂಬ ಪದದ ಹಿಂದೆ ಮೊದಲು ‘ಖಾಲಿ’ ಎಂದಿತ್ತು. ಅದನ್ನು ಹೊಡೆದು ಹಾಕಿದವಳು ಅವಳೇ. ತೊಗರಿ ಬೆಳೆಯುವ ಸೀಮೆಯ ಮನೆಯಲ್ಲಿ ಬೇಳೆ ಇಲ್ಲ ಎನ್ನುವುದನ್ನು ಹದಿನಾಲ್ಕು ವರ್ಷದ ಹುಡುಗಿ ಇಷ್ಟರಲ್ಲಿ ಹೇಳಿದಾಗ ನನಗೆ ಮಾತು ಹೊರಡಲಿಲ್ಲ. ಅವಳಿಗೆ ನನ್ನ ನಮಸ್ಕಾರ.

ನೀತಿ ಬಿಡಿಸಲು ಬಹಳ ದಿನ ಹಿಡಿಯಿತು. ಸಣ್ಣ ತರಗತಿಯಿಂದ ಓದಿದ ಕಥೆಗಳಿಗೆಲ್ಲ ಕೊನೆಯಲ್ಲೊಂದು ನೀತಿ ಇತ್ತಾದ್ದರಿಂದ, ಅದಿಲ್ಲದೆ ಕಥೆ ಮುಗಿದೀತೆಂದು ಅವರಿಗೆ ನಂಬಿಕೆಯೇ ಬರುತ್ತಿರಲಿಲ್ಲ. ಆರಂಭದ ತೊಡಕು ಬೇರೆ. ‘ಒಂದಾನೊಂದು ಊರಿನಲ್ಲಿ’ ಎಂದು ಎತ್ತಿಕೊಂಡು ಸೂರ್ಯೋದಯ, ಹಕ್ಕಿಗಳ ಕಲರವ ಮುಗಿಸುವಷ್ಟರಲ್ಲಿ ನೂರು ಪದ ಖರ್ಚಾಗಿರುತ್ತಿದ್ದವು. ಜಗಳದ ಕಥೆಯಾದರೆ ಮೊದಲ ಏಟು ಬಿದ್ದ ಮೇಲೆ ಶುರು ಮಾಡಿ ಎನ್ನುತ್ತಿದ್ದೆ. ಊರೋ ಸಂಬಂಧವೋ ಹೇಳಲೇಬೇಕಿದ್ದರೆ ಆ ಭಾರ ತಲೆಬರಹ ಹೊರಲಿ. ಕನ್ನಡವೂ ನಮ್ಮ ಕೈ ಹಿಡಿಯುತ್ತದೆ: ಬಂದವರು ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಎಂಬುದು ಕ್ರಿಯಾಪದದ ತುದಿಯಲ್ಲೇ ಇರುವಾಗ ಅವನು, ಅವಳು ಎಂದು ಸಾಲುಸಾಲಿಗೂ ಬರೆಯಬೇಕಿಲ್ಲ. ಹುಡುಗರಿಗಂತೂ ಕೊನೆಯ ಸಾಲಿನಲ್ಲಿ ಬೆಚ್ಚಿಬೀಳಿಸುವುದೆಂದರೆ ಪ್ರಾಣ. ಮಾತಾಡುತ್ತಿದ್ದವನು ಸತ್ತವನಾಗಿದ್ದ, ಎಲ್ಲವೂ ಕನಸಾಗಿತ್ತು, ಇಂಥವು. ಅವರ ಕಥೆಗಳನ್ನೇ ಅವರಿಂದ ಎರಡೆರಡು ಸಲ ಓದಿಸಿದೆವು. ಎರಡನೇ ಓದಿಗೂ ನಿಲ್ಲುವ ಕಥೆ ಯಾವುದೆಂದು ತಾವೇ ಆರಿಸಿದರು, ಆ ಆಯ್ಕೆ ತಪ್ಪಲಿಲ್ಲ.

ಈ ಪುಟ್ಟ ರೂಪ ಹೊರಗಿನಿಂದ ತಂದದ್ದು ಎಂದು ಕೆಲವರು ಅಂದರು. ನನಗೆ ಒಪ್ಪಿಗೆಯಿಲ್ಲ. ನಮ್ಮ ಜಿಲ್ಲೆಯ ಮುದನೂರಿನ ದೇವರ ದಾಸಿಮಯ್ಯನವರು ನೇಯ್ಗೆಯ ಕಾಯಕದವರು, ನಾಲ್ಕೈದು ಸಾಲಿನಲ್ಲಿ ಒಂದು ಬದುಕಿನ ವಿಚಾರ ಹೇಳಿ ‘ರಾಮನಾಥ’ ಎಂದು ಮುಗಿಸಿದವರು. ವಚನಗಳನ್ನು ಬಾಯಿಪಾಠ ಮಾಡಿದ್ದ ಮಕ್ಕಳು ಮೊದಲ ಸಲ ಅವುಗಳ ಪದ ಎಣಿಸಿ ನೋಡಿದರು. ಇನ್ನೊಂದು ಭಾನುವಾರ ಊರಿನ ಅಜ್ಜಿಯೊಬ್ಬರು ಬಂದು ಒಗಟು ಹೇಳಿದರು, ಗಂಡನ ಹೆಸರು ಹೇಳುವ ಒಡಪು ಹಾಕಿದರು. ಹುಡುಗಿಯರು ಬಿದ್ದು ಬಿದ್ದು ನಕ್ಕರು, ಬರೆದುಕೊಂಡರು. ಆ ಅಜ್ಜಿಗೆ ಶರಣು.

ಉರ್ದು ಮಾಧ್ಯಮದ ಹುಡುಗನೊಬ್ಬ ಬಾಗಿಲ ಹೊರಗೇ ನಿಂತು ಕೇಳುತ್ತಿದ್ದ. ಅವನನ್ನು ಒಳಗೆ ಕರೆತಂದವರು ಅವನ ಉರ್ದು ಮೇಷ್ಟ್ರು. ದೇಶ ಇಬ್ಭಾಗವಾದ ನೋವನ್ನು ಎರಡು ಮೂರು ಸಾಲಿನಲ್ಲಿ ಹೇಳಿದ ಕಥೆಗಳು ಉರ್ದುವಿನಲ್ಲಿವೆ ಎಂದು ನಮಗೆ ಹೇಳಿ, ಕೆಲವನ್ನು ಓದಿ, ಅರ್ಥ ಬಿಡಿಸಿದರು. ಹುಡುಗ ನಮ್ಮ ಕಡೆಯ ಉರ್ದುವಾದ ದಖನಿಯಲ್ಲಿ ಹೇಳಿದ, ಪಕ್ಕದ ಗೆಳೆಯ ಕನ್ನಡದಲ್ಲಿ ಬರೆದ. ಮೊಹರಂನಲ್ಲಿ ಅಲಾಯಿ ಕುಣಿಯುವ ರಾತ್ರಿಯ ಮೇಲಿನ ಆ ಕಥೆಗೆ ಪುಸ್ತಕದಲ್ಲಿ ಇಬ್ಬರ ಹೆಸರೂ ಇದೆ. ಮೇಷ್ಟ್ರೇ, ಮೆಹರಬಾನಿ.

ಮುಖ್ಯೋಪಾಧ್ಯಾಯರ ಋಣ ತೀರುವಂಥದ್ದಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆಯದಾಯಿತು. ಆಮೇಲೆ ಎಲ್ಲೆಲ್ಲೂ ವಿಶೇಷ ತರಗತಿ, ಸರಣಿ ಪರೀಕ್ಷೆ. ಕಥೆ ಗಿಥೆ ಬಿಡಿಸ್ರಿ ಎಂದು ಅವರ ಮೇಲೆ ಎಷ್ಟು ಒತ್ತಡವಿತ್ತೆಂದು ನಾನು ಬಲ್ಲೆ. ‘ಒಂದು ಸಾಲು ಸರಿಯಾಗಿ ಬರಿಯಾಕ ಬಂದ್ರ ಉತ್ತರಪತ್ರಿಕಿನೂ ಬರೀತಾರ, ಭಾನುವಾರ ನಡೀಲಿ’ ಎಂದರು. ನಡೆಯಿತು.

ಜಾಗ ಕೊಟ್ಟದ್ದು ಊರಿನ ಅರಿವು ಕೇಂದ್ರ, ಅಂದರೆ ಪಂಚಾಯತಿ ಗ್ರಂಥಾಲಯ. 2020ರಲ್ಲಿ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾದಾಗ ಈ ಮಕ್ಕಳಲ್ಲಿ ಹಲವರು ಅಲ್ಲಿ ಮೊದಲ ಕಾರ್ಡು ಮಾಡಿಸಿದ್ದರು. ಭಾನುವಾರವೂ ಕೀಲಿ ತೆರೆದು, ಬೇಸಿಗೆಯಲ್ಲಿ ಮನೆಯಿಂದ ಕೊಡ ತುಂಬಿ ತಂದಿಡುತ್ತಿದ್ದ ಗ್ರಂಥಪಾಲಕರಿಗೆ ಶರಣು. ಶುರುವಿನ ದಿನಗಳಲ್ಲಿ ಒಂದು ಎ4 ಹಾಳೆ ಮಡಚಿ, ನಡುವೆ ಸೀಳು ಕೊಟ್ಟು, ಎಂಟು ಪುಟದ ಪುಸ್ತಿಕೆ ಮಾಡುತ್ತಿದ್ದೆವು. ಕೆಟ್ಟ ಪ್ರತಿಗಳಿಗೆ ದುಡ್ಡು ಹಿಡಿಯದ ಝೆರಾಕ್ಸ್ ಅಂಗಡಿಯವರಿಗೂ ಶರಣು.

ಪುಟ ಕಟ್ಟಿದವರು ಕಲಬುರಗಿಯ ಡಿಟಿಪಿ ಅಕ್ಕ. ‘ನುಡಿ’ ತಂತ್ರಾಂಶದಲ್ಲಿ ಟೈಪಾಗಿ ಇದ್ದದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹಾರಿದ್ದವು. ಅವನ್ನೆಲ್ಲ ಕೂತು ಸರಿಪಡಿಸಿದರು. ಅದಕ್ಕಿಂತ ದೊಡ್ಡ ಉಪಕಾರ, ‘ಹೋಗ್ಯಾಳ’ ಎಂದಿದ್ದದ್ದನ್ನು ‘ಹೋಗಿದ್ದಾಳೆ’ ಮಾಡಲಿಲ್ಲ. ಕರಡು ನೋಡಿದ ಇನ್ನೊಬ್ಬರು ಇದೆಲ್ಲ ಅಶುದ್ಧ ಎಂದು ಪುಟದ ತುಂಬ ಕೆಂಪು ಗೀಚಿ ಕಳಿಸಿದ್ದರು. ಅಕ್ಕ ಫೋನ್ ಮಾಡಿ, ‘ನಮ್ಮ ಮನಿ ಮಾತು ಹಿಂಗೇ ಐತ್ರಿ, ಇದನ್ನ ನಾ ಮುಟ್ಟಂಗಿಲ್ಲ’ ಎಂದರು. ಮಕ್ಕಳ ಅವ್ವಂದಿರು ಪುಸ್ತಕದೊಳಗೆ ತಮ್ಮ ಬಾಯಲ್ಲೇ ಮಾತಾಡುತ್ತಿರುವುದು ಆ ಅಕ್ಕನಿಂದ.

‘ಹಾಜರಿ’ ಎಂಬ ಕಥೆಯ ಬಗ್ಗೆ ಹೇಳದೆ ಇರಲಾರೆ. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ತಪ್ಪಿಸಿ, ಆಮೇಲೆ ತಂದೆಯ ಜೊತೆ ಪುಣೆಗೆ ಹೋದ ಹುಡುಗನ ಮೇಲೆ ಅವನ ಗೆಳೆಯ ಬರೆದದ್ದು. ‘ಮೊದಮೊದಲು ಅವನ ಹೆಸರು ಕರೆದಾಗ ಬಂದಿಲ್ರಿ ಅಂತಿದ್ವಿ. ಈಗ ಯಾರೂ ಅನ್ನಂಗಿಲ್ಲ. ಸರ್ ಹೆಸರು ಕರೆದು, ಚೂರು ನಿಂತು, ಮುಂದಿನ ಹೆಸರು ಕರೀತಾರ.’ ಆ ಹುಡುಗನೂ ನಮ್ಮ ಭಾನುವಾರಗಳಿಗೆ ಬರುತ್ತಿದ್ದ, ಚೆನ್ನಾಗಿ ಬರೆಯುತ್ತಿದ್ದ. ಅವನ ಎರಡು ಕಥೆಗಳು ಪುಸ್ತಕದಲ್ಲಿವೆ. ಪ್ರತಿ ಅವನಿಗೆ ಮುಟ್ಟಿದೆ. ‘ಸರ್, ಇಲ್ಲೂ ಬರಿಯಾಕತ್ತೀನಿ’ ಎಂದು ಮೆಸೇಜು ಬಂತು. ತಮ್ಮಾ, ಬರೆದದ್ದು ಕಳಿಸು. ನಿನ್ನ ಜಾಗ ಇದ್ದಲ್ಲೇ ಇದೆ, ಪರೀಕ್ಷೆಗೆ ಕೂರಲು ಬೇಕಾದ ಓಡಾಟ ನಾವು ಮಾಡುತ್ತೇವೆ.

ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಊರಿನವರು ಬೆಂಗಳೂರಿನ ಶೆಡ್ಡುಗಳಿಗೂ ಪ್ರತಿ ಒಯ್ದು ಕೊಟ್ಟಿದ್ದಾರೆ. ಓದಲು ಬಾರದವರಿಗೆ ಮಕ್ಕಳೇ ಓದಿ ಹೇಳುತ್ತಿದ್ದಾರೆ. ಹೊತ್ತು ಒಯ್ದವರಿಗೂ ಶರಣು.

ಉಳಿದ ಪ್ರತಿಗಳು ಅರಿವು ಕೇಂದ್ರದ ಕಪಾಟಿನಲ್ಲಿವೆ, ಯಾರು ಬೇಕಾದರೂ ಬಂದು ಓದಬಹುದು. ಹತ್ತನೆಯವರ ಪರೀಕ್ಷೆ ಮುಗಿದ ಮೇಲೆ ಭಾನುವಾರಗಳು ಮತ್ತೆ ಶುರುವಾಗುತ್ತವೆ. ಮಕ್ಕಳಿಗೆ ಏನು ಕೊಡಲಿ ಎಂದು ಕೇಳುತ್ತಿರುವವರೆಲ್ಲ ದಯವಿಟ್ಟು ಕಥೆ ಪುಸ್ತಕ ಕೊಡಿ, ಕನ್ನಡದ್ದು, ಉರ್ದುವಿನದ್ದು ಎರಡೂ. ಗೈಡುಗಳು ಈಗಾಗಲೇ ಸಾಕಷ್ಟಿವೆ.